ಅಪ್ಪನ ಮಾತು ತಲುಪಲು 22 ನಿಮಿಷ

(ಚಿತ್ರಕಥೆ, ಅಂದರೆ ಕಾಮಿಕ್ಸ್, ಬರೆಯುವವರು ಮತ್ತು ಬಿಡಿಸುವವರು ಸೇರಿದ್ದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಕೈಲಿರುವ ಈ ಕಟ್ಟಿನಲ್ಲಿ 22 ಹಾಳೆಗಳಿವೆ. ದಪ್ಪ ಡ್ರಾಯಿಂಗ್ ಹಾಳೆ, ಕಪ್ಪು ಇಂಕು, ಒಂದೆರಡು ಕಡೆ ಮಾತ್ರ ನೀಲಿ. ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಇವು ಬೀರುವಿನಲ್ಲಿವೆ. ಎಲ್ಲೂ ಅಚ್ಚಾಗಿಲ್ಲ. ಇವತ್ತು ಇವುಗಳ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಇದೊಂದು ಸಣ್ಣಕಥೆ ಆಗಿತ್ತು. ನಾನೇ ಬರೆದದ್ದು. ಮಂಗಳ ಗ್ರಹದ ಒಂದು ನೆಲೆಯಲ್ಲಿ ಒಬ್ಬ ಹುಡುಗಿ ಕೆಲಸ ಮಾಡುತ್ತಿದ್ದಾಳೆ. ಅವಳ ಅಪ್ಪ ಭೂಮಿಯಲ್ಲಿ ಪಂಪ್ ರಿಪೇರಿ ಮಾಡುವ ಮೆಕ್ಯಾನಿಕ್. ಒಂದು ಸಂಜೆ ನೆಲೆಯ ನೀರಿನ ಪಂಪು ನಿಂತುಹೋಗುತ್ತದೆ. ಹೊರಗೆ ಸೊನ್ನೆಗಿಂತ 60 ಡಿಗ್ರಿ ಕೆಳಗಿನ ಚಳಿ. ಪಂಪು ಬೇಗ ಓಡದಿದ್ದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಅವಳು ಅಪ್ಪನನ್ನು ಕೇಳುತ್ತಾಳೆ. ಆದರೆ ಅಪ್ಪನ ಉತ್ತರ ಬರುವ ತನಕ ಕಾಯುವ ಹಾಗಿಲ್ಲ. ತಾನೇ ಬಿಚ್ಚಿ, ತಾನೇ ಊಹಿಸಿ, ತಾನೇ ಜೋಡಿಸುತ್ತಾಳೆ. ಅಪ್ಪನ ಮಾತು ಆಮೇಲೆ ಬರುತ್ತದೆ. ಕಥೆ ಅಷ್ಟೇ.

ಯಾಕೆ ಕಾಯುವ ಹಾಗಿಲ್ಲ ಅನ್ನುವುದಕ್ಕೆ ಲೆಕ್ಕ ಇದೆ. ಭೂಮಿ ಮತ್ತು ಮಂಗಳ ತೀರಾ ಹತ್ತಿರ ಬಂದಾಗ ಅವುಗಳ ನಡುವೆ ಸುಮಾರು 5.5 ಕೋಟಿ ಕಿಲೋಮೀಟರ್. ತೀರಾ ದೂರ ಹೋದಾಗ ಸುಮಾರು 40 ಕೋಟಿ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಹೋಗುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಹತ್ತಿರ ಇದ್ದಾಗ ಒಂದು ಮಾತು ತಲುಪಲು 3 ನಿಮಿಷ ಸಾಕು. ದೂರ ಇದ್ದಾಗ 22 ನಿಮಿಷ ಬೇಕು. ಪ್ರಶ್ನೆ ಹೋಗಲು 22, ಉತ್ತರ ಬರಲು 22. ಮುಕ್ಕಾಲು ಗಂಟೆ ಆಯಿತು. ಅಷ್ಟು ಹೊತ್ತಿಗೆ ಪೈಪು ಒಡೆದಿರುತ್ತದೆ.

ಇನ್ನೊಂದು ವಿಷಯ ಇದೆ. ತೀರಾ ದೂರ ಇರುವಾಗಲೇ ಸೂರ್ಯ ಇಬ್ಬರ ನಡುವೆ ಬಂದು ಕೂರುತ್ತಾನೆ. ಸುಮಾರು 26 ತಿಂಗಳಿಗೊಮ್ಮೆ ಹೀಗಾಗುತ್ತದೆ. ಸೂರ್ಯನ ಸುತ್ತಲಿನ ಬಿಸಿ ಅನಿಲ ರೇಡಿಯೋ ಸಂದೇಶವನ್ನು ಕೆಡಿಸುತ್ತದೆ. ಅರ್ಧಂಬರ್ಧ ಆದೇಶ ತಲುಪಿ ಯಂತ್ರ ತಪ್ಪು ಕೆಲಸ ಮಾಡಬಾರದು ಅಂತ ನಾಸಾದವರು ಆಗ ಮಂಗಳದ ಯಂತ್ರಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ. 2023ರ ನವೆಂಬರ್‌ನಲ್ಲಿ ಹೀಗೆ ಎರಡು ವಾರ ನಿಲ್ಲಿಸಿದ್ದರು. ನನ್ನ ಕಥೆ ನಡೆಯುವುದು ಅಂಥ ಎರಡು ವಾರದ ಮೌನ ಶುರುವಾಗುವ ಸಂಜೆ. ಅಪ್ಪನ ಆ ಒಂದು ಮಾತು ಬಂದ ಮೇಲೆ ಹದಿನಾಲ್ಕು ದಿನ ಬೇರೆ ಮಾತಿಲ್ಲ.

ಕಥೆ ಬರೆದಾಯಿತು. ಓದಿದ ಒಬ್ಬ ಗೆಳತಿ, "ಇದನ್ನ ಚಿತ್ರಕಥೆ ಮಾಡೋಣ" ಅಂದಳು. ಅವಳು ಚಿತ್ರ ಬಿಡಿಸುವವಳು. ನನಗೆ ಆಗ ಇದ್ದ ಕಲ್ಪನೆ ಏನೆಂದರೆ, ಕಥೆಯಲ್ಲಿ ಇರುವುದನ್ನು ಚೌಕ ಚೌಕವಾಗಿ ಕತ್ತರಿಸಿ ಕೊಟ್ಟರೆ ಅವಳು ಬಿಡಿಸುತ್ತಾಳೆ, ಕೆಲಸ ಮುಗಿಯಿತು. ಅವಳು ಕಥೆಯ ಪ್ರತಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಕೂತಳು. ಮೊದಲನೇ ಪುಟ ದಾಟುವ ಮುಂಚೆಯೇ ಒಂದು ಸಾಲಿನ ಕೆಳಗೆ ಗೆರೆ ಎಳೆದು ಕೇಳಿದಳು: "'ಇಪ್ಪತ್ತೆರಡು ನಿಮಿಷ ಕಳೆಯಿತು' ಅಂತ ಬರೆದಿದ್ದೀಯ. ಇದನ್ನ ಎಲ್ಲಿ ಬಿಡಿಸಲಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬರಹದಲ್ಲಿ ಮೂರು ಪದ ಬರೆದರೆ 22 ನಿಮಿಷ ಹೋಗಿಬಿಡುತ್ತದೆ. ಓದುವವರೂ ನಂಬುತ್ತಾರೆ. ಚಿತ್ರಕಥೆಯಲ್ಲಿ ಹೊತ್ತು ಅಂದರೆ ಜಾಗ. ಎರಡು ಪ್ಯಾನೆಲ್‌ಗಳ, ಅಂದರೆ ಚಿತ್ರದ ಚೌಕಗಳ, ನಡುವಿನ ಬಿಳಿ ಗೆರೆಯಲ್ಲಿ ಒಂದು ಕ್ಷಣವೂ ಹೋಗಬಹುದು, ಒಂದು ಯುಗವೂ ಹೋಗಬಹುದು. ಆದರೆ ಎಷ್ಟು ಹೋಯಿತು ಅಂತ ಕಣ್ಣಿಗೆ ಕಾಣಬೇಕಾದರೆ ಅಷ್ಟು ಕಾಗದ ಖರ್ಚು ಮಾಡಲೇಬೇಕು.

ಎರಡು ವಾರ ತಲೆ ಕೆಡಿಸಿಕೊಂಡೆವು. ಕೊನೆಗೆ ದಾರಿ ಹೊಳೆದದ್ದು ಅವಳಿಗೆ. 22 ನಿಮಿಷಕ್ಕೆ 22 ಪುಟ. ಒಂದು ಪುಟ ಅಂದರೆ ಒಂದು ನಿಮಿಷ. ಪ್ರತಿ ಪುಟದ ತಳದಲ್ಲಿ, ಹಾಳೆಯ ಆರನೇ ಒಂದು ಭಾಗದಷ್ಟು, ಒಂದು ಕಪ್ಪು ಪಟ್ಟಿ. ಆ ಪಟ್ಟಿಯಲ್ಲಿ ಒಂದು ಸಣ್ಣ ಬಿಳಿ ಚುಕ್ಕಿ. ಅದು ಅಪ್ಪನ ಉತ್ತರ. ಒಂದು ನಿಮಿಷಕ್ಕೆ ಅದು 1.8 ಕೋಟಿ ಕಿಲೋಮೀಟರ್ ಹೋಗುತ್ತದೆ. ಒಂದನೇ ಪುಟದಲ್ಲಿ ಚುಕ್ಕಿ ಭೂಮಿ ಬಿಡುತ್ತದೆ. 22ನೇ ಪುಟದಲ್ಲಿ ಮಂಗಳ ಮುಟ್ಟುತ್ತದೆ. ಮೇಲುಗಡೆ ಮಗಳು ನಟ್ಟು ಬಿಚ್ಚುತ್ತಿರುತ್ತಾಳೆ. ಕೆಳಗಡೆ ಅಪ್ಪನ ಮಾತು ಬರುತ್ತಾ ಇರುತ್ತದೆ. ಅವಳಿಗೆ ಅದು ಕಾಣುವುದಿಲ್ಲ, ನಮಗೆ ಕಾಣುತ್ತದೆ.

ನೋಡಿ, ಇದು ನನ್ನ ಕಥೆಯಲ್ಲಿ ಇರಲೇ ಇಲ್ಲ. ಇದು ಚಿತ್ರಕಥೆ ಹುಟ್ಟಿಸಿದ್ದು.

ಪಟ್ಟಿ ಬಂದ ಮೇಲೆ ಇನ್ನೊಂದು ಬದಲಾವಣೆ ತಾನಾಗಿ ಆಯಿತು. ಕಥೆಯಲ್ಲಿ ಅಪ್ಪ ಏನು ಹೇಳಿದ ಅನ್ನುವುದನ್ನು ನಾನು ಮಧ್ಯದಲ್ಲೇ ಬಿಟ್ಟುಕೊಟ್ಟಿದ್ದೆ. ಈಗ ಹಾಗೆ ಮಾಡಲು ಆಗುವುದಿಲ್ಲ ಅಲ್ವಾ? ಮಾತು ಇನ್ನೂ ದಾರಿಯಲ್ಲಿದೆ. ಹಾಗಾಗಿ ಅಪ್ಪನ ಮಾತು ಕೊನೇ ಪುಟಕ್ಕೆ ಹೋಯಿತು. ಸೂರ್ಯನಿಂದ ಭೂಮಿಗೆ ಬೆಳಕು ಬರಲು 8 ನಿಮಿಷ 20 ಸೆಕೆಂಡು ಬೇಕು. ಅಂದರೆ ಚುಕ್ಕಿ ಒಂಬತ್ತನೇ ಪುಟದಲ್ಲಿ ಸೂರ್ಯನ ಪಕ್ಕದಲ್ಲಿ ಹಾದುಹೋಗಬೇಕು. ಆ ಪುಟದ ಪಟ್ಟಿ ಪೂರ್ತಿ ಬಿಳಿ. ಚುಕ್ಕಿ ಬೆಳಕಿನಲ್ಲಿ ಕಳೆದೇಹೋಗುತ್ತದೆ. ಮೇಲುಗಡೆ ಅದೇ ನಿಮಿಷದಲ್ಲಿ ಮಗಳ ಕೈಯಿಂದ ಒಂದು ವಾಷರ್ ಜಾರಿ ಬಿದ್ದು ಕತ್ತಲಲ್ಲಿ ಉರುಳುತ್ತದೆ. ಹತ್ತನೇ ಪುಟದಲ್ಲಿ ಅವಳಿಗೆ ವಾಷರ್ ಸಿಗುತ್ತದೆ, ಕೆಳಗೆ ಚುಕ್ಕಿ ಮತ್ತೆ ಕಾಣುತ್ತದೆ. ಈ ಎರಡು ಪುಟಗಳನ್ನು ಎಷ್ಟು ಸಲ ನೋಡಿದರೂ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಚಿತ್ರ ಬಿಡಿಸಲು ಕೂತಾಗ ಕಥೆಯ ತಪ್ಪುಗಳು ಒಂದೊಂದಾಗಿ ಹೊರಬಂದವು. ನಾನು ಪಂಪನ್ನು ನೆಲೆಯ ಹೊರಗೆ ಇಟ್ಟಿದ್ದೆ. ಹುಡುಗಿ ಹೆಬ್ಬೆರಳಿನಿಂದ ನಟ್ಟಿನ ಥ್ರೆಡ್ಡು ಸವೆದಿದೆಯಾ ಅಂತ ಸವರಿ ನೋಡುತ್ತಾಳೆ ಅಂತ ಬರೆದಿದ್ದೆ. ಗೆಳತಿ ಕೇಳಿದಳು: "ಹೊರಗೆ ಅಂದರೆ ಸೂಟು, ದಪ್ಪ ಗ್ಲೌಸು. ಹೆಬ್ಬೆರಳು ಎಲ್ಲಿಂದ ಬಂತು?" ಕಥೆಯನ್ನು ಎಷ್ಟೋ ಜನ ಓದಿದ್ದರು, ಯಾರೂ ಇದನ್ನು ಹಿಡಿದಿರಲಿಲ್ಲ. ಬಿಡಿಸುವ ಕೈ ಮಾತ್ರ ಹಿಡಿಯಿತು. ಪಂಪನ್ನು ಒಳಗಿನ ಒಂದು ಕೋಣೆಗೆ ತಂದೆವು, ಆ ಕೋಣೆಯ ಹೀಟರು ಕೆಟ್ಟಿದೆ ಅಂತ ಮಾಡಿದೆವು. ಈಗ ಬರಿಗೈ, ಚಳಿಗೆ ಬಿರಿದ ಬೆರಳು, ಉಸಿರಿನ ಹಬೆ, ಎಲ್ಲಾ ಸಿಕ್ಕಿತು.

ಸೂರ್ಯಾಸ್ತ ಇನ್ನೊಂದು ತಪ್ಪು. ಕೆಂಪು ಗ್ರಹ ಅಂತ ಸುಮ್ನೆ ಕೆಂಪು ಸಂಜೆ ಬರೆದಿದ್ದೆ. ಮಂಗಳದಲ್ಲಿ ಹಗಲಿನ ಆಕಾಶ ಧೂಳಿನ ಬಣ್ಣ. ಸಂಜೆ ಸೂರ್ಯನ ಸುತ್ತ ಮಾತ್ರ ನೀಲಿ. ಅಲ್ಲಿನ ನುಣ್ಣನೆಯ ಧೂಳು ಬೆಳಕನ್ನು ಚದುರಿಸುವ ರೀತಿಯೇ ಹಾಗೆ. 2005ರ ಮೇ ತಿಂಗಳಲ್ಲಿ ಮಂಗಳದ ಮೇಲೆ ಓಡಾಡುತ್ತಿದ್ದ ನಾಸಾದ ಸ್ಪಿರಿಟ್ ರೋವರ್ ತೆಗೆದ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಈ ಹಾಳೆಗಳಲ್ಲಿ ಇರುವ ಒಂದೇ ಬಣ್ಣ ನೀಲಿ ಆಗಿದ್ದು ಆ ಫೋಟೋದಿಂದ.

ಇನ್ನು ನೀರು. ಪಂಪು ಸರಿಯಾದ ಮೇಲೆ ಅವಳು ನಲ್ಲಿ ತಿರುಗಿಸುತ್ತಾಳೆ. ಕಥೆಯಲ್ಲಿ 'ನೀರು ಬಂತು' ಅಂತ ಇದೆ, ಎರಡೇ ಪದ. ಮಂಗಳದ ಸೆಳೆತ ಭೂಮಿಯ ಸೆಳೆತದ 38 ಪರ್ಸೆಂಟ್. ಅದೇ ಎತ್ತರದಿಂದ ಬೀಳಲು ನೀರಿಗೆ ಅಲ್ಲಿ ಸುಮಾರು 1.6 ಪಟ್ಟು ಹೊತ್ತು ಬೇಕು. ಆದರೆ ನಿಂತ ಚಿತ್ರದಲ್ಲಿ ನಿಧಾನವನ್ನು ತೋರಿಸುವುದು ಹೇಗೆ? ಗೆಳತಿ ತನ್ನ ಮನೆಯ ನಲ್ಲಿಯನ್ನು ಸಣ್ಣಗೆ ಬಿಟ್ಟು ಅರ್ಧ ಗಂಟೆ ನೋಡುತ್ತಾ ನಿಂತಳಂತೆ. ನೀವೂ ನೋಡಿ. ನಲ್ಲಿಯ ಬಾಯಲ್ಲಿ ಧಾರೆ ದಪ್ಪ, ಕೆಳಗೆ ಬಂದ ಹಾಗೆ ಸಣ್ಣ. ಬೀಳುತ್ತಾ ವೇಗ ಜಾಸ್ತಿಯಾಗುತ್ತದೆ, ಅದಕ್ಕೇ ಧಾರೆ ತೆಳ್ಳಗಾಗುತ್ತದೆ. ಸೆಳೆತ ಕಡಿಮೆ ಇದ್ದರೆ ವೇಗ ಅಷ್ಟು ಬೇಗ ಏರುವುದಿಲ್ಲ. ಹಾಗಾಗಿ ಧಾರೆ ಜಾಸ್ತಿ ದೂರದವರೆಗೆ ದಪ್ಪಗೇ ಇರುತ್ತದೆ. 22ನೇ ಪುಟದ ನೀರು ಹಾಗಿದೆ. ನೋಡಿದವರಿಗೆ ಕಾರಣ ಗೊತ್ತಾಗದೇ ಇರಬಹುದು. ಆದರೆ ಇದು ನಮ್ಮ ನಲ್ಲಿಯ ನೀರಲ್ಲ ಅಂತ ಕಣ್ಣಿಗೆ ತಿಳಿಯುತ್ತದೆ.

ಕಥೆಯನ್ನು ಚಿತ್ರಕ್ಕೆ ತರುವ ಕೆಲಸವನ್ನು ನಾವೇನೂ ಮೊದಲು ಮಾಡಿದವರಲ್ಲ. ನಾನು ಇದನ್ನು ಜಾಸ್ತಿ ಕಲಿತದ್ದು 1950ರ ದಶಕದ ಅಮೆರಿಕದ ಇ.ಸಿ. ಅನ್ನುವ ಸಂಸ್ಥೆಯ ಕಾಮಿಕ್ಸ್ ನೋಡಿ. ಅಲ್ಲಿ ಬಹಳಷ್ಟು ಕಥೆ ಬರೆಯುತ್ತಿದ್ದ ಸಂಪಾದಕ ಆಲ್ ಫೆಲ್ಡ್‌ಸ್ಟೀನ್. ಅವರು ಮಾತುಗಳನ್ನು ನೇರವಾಗಿ ಚಿತ್ರದ ಹಾಳೆಯ ಮೇಲೇ ಬರೆಯುತ್ತಿದ್ದರು. ಅಕ್ಷರಗಳು ಕೂತ ಮೇಲೆ ಹಾಳೆ ಚಿತ್ರಕಾರರ ಕೈಗೆ ಬರುತ್ತಿತ್ತು. ಮಾತು ಬಿಟ್ಟುಕೊಟ್ಟ ಜಾಗದಲ್ಲಿ ಚಿತ್ರ.

1952ರಲ್ಲಿ ಇವರು ವೈಜ್ಞಾನಿಕ ಕಥೆಗಾರ ರೇ ಬ್ರಾಡ್‌ಬರಿಯ ಎರಡು ಕಥೆಗಳನ್ನು ಸೇರಿಸಿ ಒಂದು ಚಿತ್ರಕಥೆ ಮಾಡಿದರು. ಬಿಡಿಸಿದವರು ವಾಲಿ ವುಡ್. ಅನುಮತಿ ಕೇಳಿರಲಿಲ್ಲ. ಬ್ರಾಡ್‌ಬರಿ ಜಗಳಕ್ಕೆ ಹೋಗಲಿಲ್ಲ. ನನ್ನ ಎರಡು ಕಥೆಗಳ ಹಕ್ಕಿನ 50 ಡಾಲರ್ ಕಳಿಸುವುದು ಮರೆತಿದ್ದೀರಿ ಅಂತ ಮೃದುವಾಗಿ ಒಂದು ಪತ್ರ ಬರೆದರು. ಹಣ ಬಂತು. ಆಮೇಲೆ ಅವರ ಹೆಸರು ಹಾಕಿಯೇ, ಒಪ್ಪಿಗೆ ಪಡೆದೇ, ಎಷ್ಟೋ ಕಥೆಗಳು ಅಲ್ಲಿ ಬಂದವು. ಅದರಲ್ಲಿ ಒಂದು, ಅಣುಯುದ್ಧದ ನಂತರ ಮನುಷ್ಯರೇ ಇಲ್ಲದ ಮನೆಯೊಂದು ತಾನೇ ಅಡುಗೆ ಮಾಡಿ, ತಾನೇ ಗುಡಿಸಿ, ತಾನೇ ಹೊತ್ತು ಹೇಳುತ್ತಾ ಇರುವ ಕಥೆ. 1950ರದ್ದು. 1953ರಲ್ಲಿ ವುಡ್ ಅದನ್ನು ಬಿಡಿಸಿದರು. ಒಂದು ಮುಖವೂ ಇಲ್ಲದ ಕಥೆಗೆ ಚಿತ್ರ ಬಿಡಿಸುವುದು ಅಂದರೆ ಯೋಚಿಸಿ. ಗೋಡೆಯ ಮೇಲೆ ಸುಟ್ಟು ಉಳಿದ ಮನುಷ್ಯರ ನೆರಳಿನ ಆಕಾರಗಳು ಮಾತ್ರ. ನಮ್ಮ ಮಗಳ ಮುಖಕ್ಕಿಂತ ಅವಳ ಕೈಗಳನ್ನೇ ಜಾಸ್ತಿ ತೋರಿಸುವ ಧೈರ್ಯ ನಮಗೆ ಬಂದದ್ದು ಆ ಪುಟಗಳಿಂದ.

ಅದೇ ಇ.ಸಿ.ಯ 1953ರ ಇನ್ನೊಂದು ಕಥೆ, 'ಜಡ್ಜ್‌ಮೆಂಟ್ ಡೇ'. ಬರೆದದ್ದು ಫೆಲ್ಡ್‌ಸ್ಟೀನ್, ಬಿಡಿಸಿದ್ದು ಜೋ ಒರ್ಲ್ಯಾಂಡೊ. ರೋಬಾಟ್‌ಗಳ ಒಂದು ಗ್ರಹ. ಕಿತ್ತಳೆ ಬಣ್ಣದವು ಮೇಲು, ನೀಲಿ ಬಣ್ಣದವು ಕೀಳು. ಒಳಗಿನ ಯಂತ್ರ ಎರಡಕ್ಕೂ ಒಂದೇ. ಭೂಮಿಯಿಂದ ಬಂದ ಒಬ್ಬ ಪರೀಕ್ಷಕ ಇದನ್ನೆಲ್ಲ ನೋಡಿ, ನೀವಿನ್ನೂ ನಮ್ಮ ಜೊತೆ ಸೇರಲು ತಯಾರಾಗಿಲ್ಲ ಅಂತ ಹೇಳಿ ಹೊರಡುತ್ತಾನೆ. ಕೊನೇ ಪ್ಯಾನೆಲ್‌ನಲ್ಲಿ ಹೆಲ್ಮೆಟ್ ತೆಗೆಯುತ್ತಾನೆ. ಅವನು ಕಪ್ಪು ಮನುಷ್ಯ. ಮುಖದ ಬೆವರಿನ ಹನಿಗಳು ನಕ್ಷತ್ರದ ಹಾಗೆ ಮಿನುಗುತ್ತಿವೆ. ಬರಹದಲ್ಲಿ ಒಬ್ಬನ ಬಣ್ಣ ಹೇಳದೇ ಇರುವುದು ಸುಲಭ, ಸುಮ್ನೆ ಬರೆಯದಿದ್ದರೆ ಆಯಿತು. ಚಿತ್ರದಲ್ಲಿ ಹೇಳದೇ ಇರಲು ಒಂದು ಹೆಲ್ಮೆಟ್ ಬೇಕಾಗುತ್ತದೆ.

ಈ ಕಥೆಗೂ ಅಚ್ಚಾಗದ ಒಂದು ಕಥೆಗೂ ನಂಟಿದೆ. 1954ರಲ್ಲಿ ಅಮೆರಿಕದ ಪ್ರಕಾಶಕರು ಸೇರಿ ಕಾಮಿಕ್ಸ್ ಕೋಡ್ ಅಂತ ಒಂದು ಕಟ್ಟಳೆ ಮಾಡಿಕೊಂಡರು. ಅದರ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗೆ ತಲುಪಿಸುವುದೇ ಕಷ್ಟವಾಯಿತು. ಇ.ಸಿ.ಗಾಗಿ ಏಂಜೆಲೊ ಟೊರೆಸ್ ಬಿಡಿಸಿದ 'ಆನ್ ಐ ಫಾರ್ ಆನ್ ಐ' ಅನ್ನುವ ವೈಜ್ಞಾನಿಕ ಕಥೆಯನ್ನು ಕೋಡ್‌ನವರು ಬೇಡವೆಂದರು. ಕೆಲಸ ಪೂರ್ತಿ ಮುಗಿದಿತ್ತು. ಆ ಜಾಗ ತುಂಬಲು ಸಂಸ್ಥೆ ಹಳೆಯ 'ಜಡ್ಜ್‌ಮೆಂಟ್ ಡೇ'ಯನ್ನೇ ಮತ್ತೆ ಹಾಕಲು ಹೊರಟಿತು. ಅದಕ್ಕೂ ತಕರಾರು. ಮೊದಲು ಆ ಮನುಷ್ಯ ಕಪ್ಪಾಗಿರಬಾರದು ಅಂದರು. ಆಮೇಲೆ ಬೆವರಿನ ಹನಿಯನ್ನಾದರೂ ಅಳಿಸಿ ಅಂದರು. ಪ್ರಕಾಶಕ ವಿಲಿಯಂ ಗೇನ್ಸ್ ಒಪ್ಪಲಿಲ್ಲ. ಒಂದು ಗೆರೆಯೂ ಬದಲಾಗದೆ 1956ರ ಆರಂಭದ ಸಂಚಿಕೆಯಲ್ಲಿ ಅದು ಬಂತು. ಇ.ಸಿ. ತಂದ ಕೊನೆಯ ಕಾಮಿಕ್ ಪುಸ್ತಕ ಅದೇ. ಟೊರೆಸ್ ಬಿಡಿಸಿದ ಕಥೆ ಓದುಗರಿಗೆ ಸಿಕ್ಕಿದ್ದು 1971ರಲ್ಲಿ, ಹಳೆಯ ಕಾಮಿಕ್ಸ್‌ಗಳ ಒಂದು ಸಂಕಲನದಲ್ಲಿ.

ಅಮೆರಿಕದ ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕರ್ಬಿ ಇನ್ನೂ ಜಾಸ್ತಿ ಕಾದವರು. 'ದಿ ಪ್ರಿಸನರ್' ಅನ್ನುವ 1967ರ ಟಿ.ವಿ. ಸರಣಿಯನ್ನು ಅವರು 1976ರಲ್ಲಿ ಮಾರ್ವೆಲ್‌ಗಾಗಿ ಚಿತ್ರಕಥೆ ಮಾಡಿದರು. 17 ಪುಟ ಬಿಡಿಸಿದರು. ಇಂಕ್ ಹಾಕುವ ಕೆಲಸವೂ ಶುರುವಾಗಿತ್ತು. ಅಷ್ಟರಲ್ಲಿ ಯೋಜನೆ ನಿಂತಿತು. ಆ ಪುಟಗಳು ಪುಸ್ತಕವಾಗಿ ಬಂದದ್ದು 2018ರಲ್ಲಿ. 42 ವರ್ಷ. ಅಷ್ಟು ಹೊತ್ತಿಗೆ ಕರ್ಬಿ ತೀರಿಕೊಂಡು 24 ವರ್ಷವಾಗಿತ್ತು.

ನಮ್ಮದು ಯಾಕೆ ನಿಂತಿತು ಅಂತ ಕೇಳುತ್ತೀರಿ. ಒಬ್ಬ ಪ್ರಕಾಶಕರು ಒಪ್ಪಿದ್ದರು. ಹೆಸರು ಬೇಡ, ಅವರು ನಮ್ಮ ಜೊತೆ ಒಳ್ಳೆಯ ರೀತಿಯಲ್ಲೇ ನಡೆದುಕೊಂಡರು. ಪುಟಗಳನ್ನು ನೋಡಿದ ಮೇಲೆ ಎರಡು ಮಾತು ಹೇಳಿದರು. ಒಂದು, ತಳದ ಪಟ್ಟಿ ತೆಗೆಯಿರಿ, ಜಾಗ ದಂಡ. ಎರಡು, ಮಾತು ತೀರಾ ಕಡಿಮೆ, ಜನ ಐದು ನಿಮಿಷದಲ್ಲಿ ಓದಿ ಮುಗಿಸಿ ಪಕ್ಕಕ್ಕಿಡುತ್ತಾರೆ, ಪ್ರತಿ ಪ್ಯಾನೆಲ್‌ಗೂ ವಿವರಣೆ ಬರೆಯಿರಿ.

ಎರಡನೇ ಮಾತನ್ನು ನಾನು ಪ್ರಯತ್ನ ಮಾಡಿ ನೋಡಿದೆ. ಪೆನ್ಸಿಲ್‌ನಲ್ಲಿ ಆರು ಪುಟಗಳಿಗೆ ವಿವರಣೆ ಬರೆದೆ. 'ಅವಳ ಬೆರಳುಗಳು ನಡುಗುತ್ತಿದ್ದವು.' ಪಕ್ಕದಲ್ಲೇ ನಡುಗುವ ಬೆರಳು ಇದೆ. 'ಅಪ್ಪ ಹೀಗೇ ಸ್ಪ್ಯಾನರ್ ಹಿಡಿಯುತ್ತಿದ್ದ.' ಒಂದನೇ ಪುಟದಲ್ಲಿ ಅಪ್ಪನ ಕೈ ಇದೆ, ಏಳನೇ ಪುಟದಲ್ಲಿ ಮಗಳ ಕೈ ಅದೇ ಹಿಡಿತದಲ್ಲಿದೆ, ಹೆಬ್ಬೆರಳು ಹಿಡಿಯ ಮೇಲೆ ಉದ್ದಕ್ಕೆ ಚಾಚಿದೆ. ಬರೆದ ತಕ್ಷಣ ಓದುವವರು ಕೈ ನೋಡುವುದನ್ನು ಬಿಟ್ಟು ಅಕ್ಷರ ಓದುತ್ತಾರೆ. ಬರೆದದ್ದನ್ನೆಲ್ಲ ರಬ್ಬರ್ ಹಿಡಿದು ಅಳಿಸಿದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಗುರುತು ಇನ್ನೂ ಕಾಣುತ್ತದೆ.

ಪಟ್ಟಿಯ ಬಗ್ಗೆ ಮಾತಾಡುವುದೇ ಬೇಕಿರಲಿಲ್ಲ. ಅದನ್ನು ತೆಗೆದರೆ ಉಳಿಯುವುದು ಪಂಪ್ ರಿಪೇರಿ. ಆಗುವುದಿಲ್ಲ ಅಂತ ಹೇಳಿ ಬಂದೆವು. ಆ ನಿರ್ಧಾರಕ್ಕೆ ನನಗೆ ಈಗಲೂ ಬೇಜಾರಿಲ್ಲ. ಅಚ್ಚಾಗಲಿಲ್ಲ ಅನ್ನುವುದಕ್ಕೆ ಬೇಜಾರಿದೆ. ಎರಡೂ ಒಟ್ಟಿಗೇ ಇವೆ.

ಆಮೇಲೆ ಇನ್ನಿಬ್ಬರಿಗೆ ತೋರಿಸಿದೆವು. ಪುಸ್ತಕಕ್ಕೆ ಚಿಕ್ಕದು, ಪತ್ರಿಕೆಗೆ ದೊಡ್ಡದು ಅಂದರು. ಫೋನಿಗೆ ಹಾಕಿ ಅಂತ ಈಗ ಹಲವರು ಹೇಳುತ್ತಾರೆ. ಫೋನಿನಲ್ಲಿ ಒಂದು ಸಲಕ್ಕೆ ಒಂದು ಪ್ಯಾನೆಲ್ ಕಾಣುತ್ತದೆ. ಮಗಳು ಕಂಡರೆ ಚುಕ್ಕಿ ಕಾಣುವುದಿಲ್ಲ, ಚುಕ್ಕಿ ಕಂಡರೆ ಮಗಳು ಕಾಣುವುದಿಲ್ಲ. ಇಬ್ಬರೂ ಒಟ್ಟಿಗೆ ಕಾಣಬೇಕು. ಅದಕ್ಕೊಂದು ದಾರಿ ಸಿಕ್ಕಿದ ದಿನ ಖಂಡಿತ ಹಾಕುತ್ತೇವೆ.

ಕೊನೇ ಪುಟದ ಬಗ್ಗೆ ಹೇಳಿ ಮುಗಿಸುತ್ತೇನೆ. ಕಥೆಯಲ್ಲಿ ಅಪ್ಪನ ಮಾತು ಅರ್ಧ ಪುಟ ಇತ್ತು. ಬೆಳಕು, ದೂರ, ಪ್ರೀತಿ, ಎಲ್ಲಾ ಸೇರಿಸಿ ಬರೆದಿದ್ದೆ. ಚಿತ್ರಕಥೆಯಲ್ಲಿ ಚುಕ್ಕಿ ಮಂಗಳ ಮುಟ್ಟಿದಾಗ ಪಂಪು ಆಗಲೇ ಓಡುತ್ತಿದೆ. ಸ್ಪೀಕರ್‌ನಿಂದ ಅಪ್ಪ ಹೇಳುತ್ತಾನೆ: "ಗ್ಲ್ಯಾಂಡ್ ನಟ್ಟು ಮೊದಲು ಬಿಚ್ಚು. ಜೋರು ಮಾಡಬೇಡ." ಅವಳು ಮಾಡಿದ್ದು ಅದಲ್ಲ, ಬೇರೆಯೇ. ಅಪ್ಪ ಮಾತಾಡುತ್ತಿರುವುದು 44 ನಿಮಿಷದ ಹಿಂದಿನ ಮಗಳ ಜೊತೆ. ಆಮೇಲೆ ಸ್ವಲ್ಪ ಸುಮ್ಮನಾಗಿ ಇನ್ನೊಂದು ಮಾತು: "ಕೆಲಸ ಆದಮೇಲೆ ಕೈ ತೊಳ್ಕೋ, ಪುಟ್ಟಿ." ಕೊನೇ ಪ್ಯಾನೆಲ್‌ನಲ್ಲಿ ನಲ್ಲಿ, ದಪ್ಪ ನೀರಿನ ಧಾರೆ, ಗ್ರೀಸು ಹತ್ತಿದ ಎರಡು ಕೈ, ಕಿಟಕಿಯಲ್ಲಿ ನೀಲಿ ಸಂಜೆ. ತಳದ ಪಟ್ಟಿ ಖಾಲಿ.

ಆ ಅರ್ಧ ಪುಟವನ್ನು ಮೂರೇ ಮಾತಿಗೆ ಇಳಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಹಿಂದುಗಡೆ ಉದ್ದಕ್ಕೆ ಟೇಬಲ್ ಜೋಡಿಸಿದ್ದೇವೆ. ಈಗ ಈ 22 ಹಾಳೆಗಳನ್ನು ಅಲ್ಲಿ ಒಂದರ ಪಕ್ಕ ಒಂದು ಇಡುತ್ತೇವೆ. ಹಾಗೆ ಇಟ್ಟಾಗ ತಳದ ಪಟ್ಟಿಗಳೆಲ್ಲ ಕೂಡಿ ಒಂದೇ ದಾರಿಯಾಗುತ್ತದೆ. ಅದನ್ನು ನಾವಿಬ್ಬರೂ ಪೂರ್ತಿಯಾಗಿ ನೋಡುವುದು ಇವತ್ತೇ ಮೊದಲು. ಎಡಗಡೆಯಿಂದ ಶುರು ಮಾಡಿ, ಒಂದೊಂದು ಹಾಳೆಯ ಮುಂದೆ ಒಂದೊಂದು ನಿಮಿಷ ನಿಲ್ಲಿ. ಬಿಡಿಸಿದವಳು ಬಲತುದಿಯಲ್ಲಿ, 22ನೇ ಹಾಳೆಯ ಹತ್ತಿರ ಇರುತ್ತಾಳೆ. ಹಾಳೆಗಳನ್ನು ಮುಟ್ಟಬಹುದು. ಪಕ್ಕದಲ್ಲೇ ಕೈ ತೊಳೆಯಲು ನೀರಿದೆ, ಒರೆಸಲು ಬಟ್ಟೆ ಇದೆ.